ಜಾಫ್ನಾ ಪರ್ಯಾಯದ್ವೀಪ ಮತ್ತು ಅದರ ದ್ವೀಪಗಳಲ್ಲಿ ರೋಡ್ ಸೈಕಲ್ ಸವಾರಿ: ಒಂದು ಸಮಗ್ರ ಮಾರ್ಗದರ್ಶಿ

ಶ್ರೀಲಂಕಾದ ಉತ್ತರ ತುದಿಯ ಜಾಫ್ನಾ ಪರ್ಯಾಯದ್ವೀಪದಲ್ಲಿ ಘಟ್ಟವಿಲ್ಲ, ಬೆಟ್ಟವಿಲ್ಲ, ಹೇಳಿಕೊಳ್ಳುವಂಥ ದಿಣ್ಣೆಯೂ ಇಲ್ಲ. ಸುಣ್ಣಕಲ್ಲಿನ ಈ ನೆಲದ ಬಹುಭಾಗ ಸಮುದ್ರಮಟ್ಟದಿಂದ 10–15 ಮೀಟರ್ ಕೂಡ ಮೇಲೇಳುವುದಿಲ್ಲ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಏರಿ ರೂಢಿಯಿರುವ ಸವಾರರು ಇದನ್ನು ಕೇಳಿದೊಡನೆ ದಿನಕ್ಕೆ 120 ಕಿ.ಮೀ.ಯ ಲೆಕ್ಕ ಹಾಕಿಬಿಡುತ್ತಾರೆ. ಅಲ್ಲಿಗೆ ಹೋದ ಮೇಲೆ, ಮರದ ನೆರಳಾಗಲಿ ಮನೆಯ ಮರೆಯಾಗಲಿ ಇಲ್ಲದ ಹಿನ್ನೀರಿನ ಬಯಲಿನಲ್ಲಿ ಎದುರುಗಾಳಿ ಹಿಡಿದಾಗ, ಘಟ್ಟಕ್ಕಾದರೆ ಒಂದು ತುದಿಯಾದರೂ ಇರುತ್ತದೆ ಎಂಬುದು ಅರಿವಾಗುತ್ತದೆ. ಆದ್ದರಿಂದ ಈ ಪ್ರದೇಶದ ದಾರಿಗಳನ್ನು ದೂರ ನೋಡಿ ಆರಿಸಬಾರದು. ಆ ತಿಂಗಳ ಗಾಳಿ ಯಾವ ದಿಕ್ಕಿನದು, ದೋಣಿ ಎಷ್ಟು ಹೊತ್ತಿಗೆ ಬಿಡುತ್ತದೆ ಎಂಬ ಎರಡನ್ನು ಮೊದಲು ತಿಳಿದುಕೊಂಡು, ಆಮೇಲೆ ನಕಾಶೆಯನ್ನು ಬಿಚ್ಚಬೇಕು. ಮುಂದೆ ಹೇಳಿರುವುದೆಲ್ಲ ಈ ಎರಡು ಲೆಕ್ಕಗಳ ಮೇಲೆ ನಿಂತಿದೆ.

ಮೊದಲ ಹಂತ: ತಿಂಗಳನ್ನು ಗೊತ್ತುಮಾಡಿಕೊಳ್ಳುವುದು

ಕರ್ನಾಟಕದ ಕರಾವಳಿಯಲ್ಲಿ ಮಳೆ ಜೂನ್‌ನಲ್ಲಿ ಹಿಡಿದರೆ ಜಾಫ್ನಾದಲ್ಲಿ ಅದು ಈಶಾನ್ಯ ಮಾರುತದ ಜೊತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸುರಿಯುತ್ತದೆ. ನವೆಂಬರ್ ತಿಂಗಳಲ್ಲಂತೂ ತಗ್ಗಿನ ಓಣಿಗಳಲ್ಲಿ ನೀರು ನಿಲ್ಲುತ್ತದೆ. ಅದು ಸೈಕಲ್ ತರುವ ಕಾಲವಲ್ಲ. ಜನವರಿಯ ನಡುಭಾಗದಿಂದ ಮಾರ್ಚ್ ನಡುಭಾಗದವರೆಗಿನ ಎರಡು ತಿಂಗಳು ಎಲ್ಲಕ್ಕಿಂತ ಒಳ್ಳೆಯದು. ಆಗ ಮಳೆ ಕಡಿಮೆಯಾಗಿರುತ್ತದೆ, ಬಿಸಿಲು ತಡೆದುಕೊಳ್ಳುವಂತಿರುತ್ತದೆ, ಗಾಳಿ ಈಶಾನ್ಯದಿಂದ ಒಂದೇ ಸಮನೆ ಬೀಸುತ್ತದೆ. ಪೊಂಗಲ್ ಹಬ್ಬದಂದು ವಲ್ವೆಟ್ಟಿತ್ತುರೈ ಕಡಲ ತಡಿಯಲ್ಲಿ ನಡೆಯುವ ಗಾಳಿಪಟದ ಸ್ಪರ್ಧೆ ಈ ಗಾಳಿಯನ್ನೇ ನೆಚ್ಚಿಕೊಂಡದ್ದು.

ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಗಾಳಿ ತಿರುಗಿ ನೈಋತ್ಯದಿಂದ ಬರುತ್ತದೆ. ಆ ತಿಂಗಳುಗಳಲ್ಲಿ ಮಳೆ ಇರುವುದೇ ಅಪರೂಪ, ಆದರೆ ಬಿಸಿಲು ಸುಡುತ್ತದೆ, ಸಮುದ್ರ ಒರಟಾಗಿರುತ್ತದೆ, ದ್ವೀಪದ ದೋಣಿಗಳು ಕುಣಿಯುತ್ತವೆ. ಜುಲೈ–ಸೆಪ್ಟೆಂಬರ್ ನಡುವೆ ನಲ್ಲೂರು ಕಂದಸ್ವಾಮಿ ಕೋವಿಲಿನ 25 ದಿನಗಳ ಉತ್ಸವ ಬರುತ್ತದೆ. ಅದನ್ನು ನೋಡಬೇಕೆಂದಿದ್ದರೆ ಧಾರಾಳವಾಗಿ ಹೋಗಿ, ಆದರೆ ಕೊಠಡಿಯನ್ನು ಬಹಳ ಮೊದಲೇ ಕಾದಿರಿಸಿ; ದೇವಾಲಯದ ಸುತ್ತಲಿನ ರಸ್ತೆಗಳು ವಾಹನಗಳಿಗೆ ಮುಚ್ಚಿರುತ್ತವೆ ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳಿ.

ಎರಡನೆಯ ಹಂತ: ಸೈಕಲ್ ಸಮೇತ ಅಲ್ಲಿಗೆ ತಲುಪುವುದು

ಬೆಂಗಳೂರಿನವರಿಗೆ ಎರಡು ದಾರಿಗಳಿವೆ. ಕೊಲಂಬೊಗೆ ನೇರ ವಿಮಾನದಲ್ಲಿ ಹೋಗಿ ಅಲ್ಲಿಂದ ಸುಮಾರು 400 ಕಿ.ಮೀ. ದೂರವನ್ನು ರೈಲಿನಲ್ಲಿ ಕ್ರಮಿಸುವುದು ಒಂದು. ಚೆನ್ನೈನಿಂದ ಪಲಾಲಿಯಲ್ಲಿರುವ ಜಾಫ್ನಾ ವಿಮಾನ ನಿಲ್ದಾಣಕ್ಕೆ ಹಾರುವುದು ಇನ್ನೊಂದು. ಎರಡನೆಯದು ಸಮೀಪದ್ದಾದರೂ ಆ ಮಾರ್ಗದಲ್ಲಿ ಓಡುವುದು ಎಟಿಆರ್ ಜಾತಿಯ ಸಣ್ಣ ವಿಮಾನ. ಅದರ ಸರಕಿನ ಬಾಗಿಲಿಗೆ ದೊಡ್ಡ ಸೈಕಲ್ ಪೆಟ್ಟಿಗೆ ಹಿಡಿಸದೆ ಹೋಗಬಹುದಾದ್ದರಿಂದ, ಟಿಕೆಟ್ ಕೊಳ್ಳುವ ಮೊದಲೇ ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ವಿಮಾನ ಸಂಸ್ಥೆಗೆ ತಿಳಿಸಿ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ರೈಲಿನಲ್ಲಾದರೆ ಸೈಕಲ್ಲನ್ನು ಪಾರ್ಸೆಲ್ ಆಗಿ ಕಳಿಸಬೇಕಾಗುತ್ತದೆ. ಅದಕ್ಕಾಗಿ ನಿಲ್ದಾಣಕ್ಕೆ ಬಹಳ ಮೊದಲೇ ಹೋಗುವುದು ಲೇಸು. ಶ್ರೀಲಂಕಾದ ಅಂತರ್ಯುದ್ಧದಲ್ಲಿ ಕಿತ್ತುಹೋಗಿದ್ದ ಈ ರೈಲು ಮಾರ್ಗ ಜಾಫ್ನಾದವರೆಗೆ ಮತ್ತೆ ತೆರೆದದ್ದು 2014ರ ಅಕ್ಟೋಬರ್‌ನಲ್ಲಿ.

ಪ್ರವೇಶ ಪರವಾನಗಿಯ ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ಸರಕಾರದ ಅಧಿಕೃತ ತಾಣದಲ್ಲೇ ನೋಡಿ. ಉಳಿದಂತೆ ನಮ್ಮವರಿಗೆ ಹೊಸದಾಗಿ ಕಲಿಯಬೇಕಾದದ್ದು ಕಡಿಮೆ: ಗಡಿಯಾರ ಒಂದೇ, ರಸ್ತೆಯ ಎಡಬದಿಯ ಓಡಾಟ ಒಂದೇ, ಬೆಂಗಳೂರಿನಲ್ಲಿ ಕಿವಿಗೆ ಬಿದ್ದ ಅರೆಬರೆ ತಮಿಳೂ ಅಲ್ಲಿ ಸಾಕಷ್ಟು ಕೆಲಸಕ್ಕೆ ಬರುತ್ತದೆ.

ಮೂರನೆಯ ಹಂತ: ಸೈಕಲ್ಲನ್ನು ಈ ನೆಲಕ್ಕೆ ಹೊಂದಿಸುವುದು

ಏರುದಾರಿಯ ಗೇರುಗಳು ಇಲ್ಲಿ ಬೇಕಾಗುವುದಿಲ್ಲವೆಂದು ಕ್ಯಾಸೆಟ್, ಅಂದರೆ ಹಿಂದಿನ ಚಕ್ರದ ಹಲ್ಲುಗಾಲಿಗಳ ಗುಚ್ಛ, ಬದಲಿಸುವ ಗೋಜಿಗೆ ಹೋಗಬೇಡಿ. ಎದುರುಗಾಳಿಯಲ್ಲಿ ಒಂದು ಹಲ್ಲುಗಾಲಿಗೂ ಮುಂದಿನದಕ್ಕೂ ಹಲ್ಲುಗಳ ಸಂಖ್ಯೆಯ ಅಂತರ ಕಡಿಮೆಯಿರುವ ಕ್ಯಾಸೆಟ್ ಹಿತವೆನಿಸುವುದು ನಿಜವಾದರೂ ಇರುವುದರಲ್ಲೇ ನಡೆಯುತ್ತದೆ. ಬದಲಿಸಲೇಬೇಕಾದದ್ದು ಟಯರ್. ಮುಖ್ಯ ರಸ್ತೆಗಳ ಡಾಂಬರು ನಯವಾಗಿದೆ, ಆದರೆ ದ್ವೀಪಗಳ ಒಳರಸ್ತೆಗಳಲ್ಲಿ ಕಾಂಕ್ರೀಟ್ ತುಂಡುಗಳು, ಮರಳು, ಹವಳದ ಜಲ್ಲಿ ಸಿಗುತ್ತವೆ. 28 ಮಿ.ಮೀ. ಟಯರ್ ಕನಿಷ್ಠ, ಚೌಕಟ್ಟಿನಲ್ಲಿ ಜಾಗವಿದ್ದರೆ 32 ಹಾಕಿ. ಗಾಳಿ ಸೀಳಲೆಂದು ಕೊಂಡ ಎತ್ತರದ ರಿಮ್ಮಿನ ಚಕ್ರಗಳನ್ನು ಮನೆಯಲ್ಲೇ ಬಿಡಿ, ಏಕೆಂದರೆ ಹಿನ್ನೀರಿನ ನಡುವೆ ಎತ್ತರಿಸಿ ಕಟ್ಟಿದ ಏರಿ ರಸ್ತೆಗಳ ಮೇಲೆ ಅಡ್ಡಗಾಳಿ ಹೊಡೆದಾಗ ಅವು ಮುಂದಿನ ಚಕ್ರವನ್ನೇ ಪಕ್ಕಕ್ಕೆ ತಳ್ಳುತ್ತವೆ.

ಜಾಫ್ನಾದ ಓಣಿ ಓಣಿಯಲ್ಲೂ ಸೈಕಲ್ ಷಾಪುಗಳಿವೆ. ಶಾಲೆಯ ಮಕ್ಕಳು, ಗುಮಾಸ್ತರು, ಸೀರೆಯುಟ್ಟ ಅಜ್ಜಿಯರು ಎಲ್ಲರೂ ಸೈಕಲ್ ತುಳಿಯುವ ಊರದು, ಪಂಕ್ಚರ್ ಹಾಕುವ ಕೈಗಳಿಗೆ ಕೊರತೆಯಿಲ್ಲ. ಆದರೆ ಅವರ ಬಳಿ ಇರುವುದು ದಪ್ಪ ವಾಲ್ವಿನ ಸಾಮಾನು. ತೆಳು ವಾಲ್ವಿನ 700ಸಿ ಅಳತೆಯ ಟ್ಯೂಬುಗಳನ್ನು, ವಾಲ್ವ್ ಅಡಾಪ್ಟರನ್ನು, ಒಂದು ಬಿಡಿ ಟಯರನ್ನು ನೀವೇ ಒಯ್ಯಬೇಕು. ಟ್ಯೂಬ್‌ಲೆಸ್ ಇದ್ದವರು ತೂತು ಮುಚ್ಚುವ ದ್ರವವನ್ನು (ಸೀಲಂಟ್) ಹೊಸದಾಗಿ ತುಂಬಿಕೊಂಡು ಬನ್ನಿ. ಮನೆಗಳ ಬೇಲಿಗೆ ಕಟ್ಟುವ ತಾಳೆಗರಿಯ ಕಾಂಡದ ಎರಡು ಅಂಚಿನಲ್ಲೂ ಗರಗಸದ ಹಲ್ಲಿನಂಥ ಕಪ್ಪು ಮುಳ್ಳುಗಳಿರುತ್ತವೆ. ಗರಿ ಒಣಗಿ ರಸ್ತೆಯ ಅಂಚಿಗೆ ಬಿದ್ದಾಗ ಟಯರಿಗೆ ಕಾದಿರುವುದು ಇವೇ. ತೀರ ಎಡಕ್ಕೆ ಸರಿಯದೆ, ಡಾಂಬರಿನ ಅಂಚಿನಿಂದ ಒಂದು ಮೊಳ ಒಳಗೆ ಓಡಿಸುವುದು ಒಳ್ಳೆಯದು.

ಇವುಗಳ ಜೊತೆಗೆ ಕೊಕ್ಕೆಯಿರುವ ಎರಡು ರಬ್ಬರ್ ಪಟ್ಟಿ, ಹಳೆಯ ಬಟ್ಟೆಯ ಒಂದಷ್ಟು ತುಂಡು, ಚೈನಿನ ಎಣ್ಣೆ, ಒಂದು ತೆಳುವಾದ ಲುಂಗಿ ಇರಲಿ. ಯಾವುದು ಎಲ್ಲಿ ಬೇಕೆಂಬುದು ಮುಂದೆ ಬರುತ್ತದೆ.

ನಾಲ್ಕನೆಯ ಹಂತ: ಜಾಫ್ನಾ ಪಟ್ಟಣವನ್ನೇ ನೆಲೆಯಾಗಿಸಿಕೊಳ್ಳುವುದು

ದ್ವೀಪಗಳಲ್ಲಿ ವಸತಿ ಕಡಿಮೆ, ಎಲ್ಲ ದಾರಿಗಳೂ ಪಟ್ಟಣದಿಂದಲೇ ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಂಡಿವೆ. ಆದ್ದರಿಂದ ದಿನಾ ಗಂಟುಮೂಟೆ ಕಟ್ಟದೆ ಒಂದೇ ಕೊಠಡಿಯಲ್ಲಿದ್ದು, ಹಗುರವಾಗಿ ಹೋಗಿ ಬರುವುದು ಜಾಣತನ. ಕೊಠಡಿ ನೆಲಮಹಡಿಯಲ್ಲಿದೆಯೇ, ಅಂಗಳದಲ್ಲಿ ಸಿಹಿನೀರಿನ ನಲ್ಲಿಯಿದೆಯೇ ಎಂದು ಕೇಳಿಕೊಳ್ಳಿ. ಬಂದ ದಿನದ ಸಂಜೆ ಕೋಟೆಯವರೆಗೆ ಒಂದು ಸುತ್ತು ಹೊಡೆದರೆ ಸಾಕು. ಪೋರ್ಚುಗೀಸರು ಕಟ್ಟಿ 1658ರಲ್ಲಿ ಡಚ್ಚರ ಪಾಲಾದ ಆ ಕೋಟೆಯ ಗೋಡೆಯ ಮೇಲೆ ನಿಂತರೆ ಪಶ್ಚಿಮಕ್ಕೆ ಪಣ್ಣೈ ಏರಿ ರಸ್ತೆ ಕಾಣುತ್ತದೆ. ನಾಳೆಯ ಗಾಳಿ ಹೇಗಿರಬಹುದೆಂದು ಅಲ್ಲಿಂದಲೇ ಅಂದಾಜು ಮಾಡಬಹುದು.

ಐದನೆಯ ಹಂತ: ಪಶ್ಚಿಮ ದ್ವೀಪಗಳ ಸುತ್ತು (ಸುಮಾರು 80 ಕಿ.ಮೀ.)

ಇಡೀ ಪ್ರವಾಸದ ಸಾರ ಈ ಒಂದು ದಾರಿಯಲ್ಲಿದೆ. ಹೆಚ್ಚಿನವರು ಜಾಫ್ನಾದಿಂದ ಪಣ್ಣೈ ಏರಿ ರಸ್ತೆ, ವೇಲಣೈ ದ್ವೀಪ, ಪುಂಗುಡುತೀವು ದ್ವೀಪಗಳನ್ನು ಹಾದು ಕುರಿಕಟ್ಟುವಾನ್ ದೋಣಿಕಟ್ಟೆಯವರೆಗೆ 30 ಕಿ.ಮೀ.ಗೂ ಸ್ವಲ್ಪ ಹೆಚ್ಚು ದೂರ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗುತ್ತಾರೆ. ಜನವರಿ–ಮಾರ್ಚ್‌ನಲ್ಲಿ ಹೀಗೆ ಮಾಡಿದರೆ ಹೋಗುವಾಗ ಬೆನ್ನಿಗಿದ್ದ ಈಶಾನ್ಯ ಗಾಳಿ, ಹಿಂದಿರುಗುವಾಗ, ಅದೂ ಮಟಮಟ ಮಧ್ಯಾಹ್ನ, ಮುಖಕ್ಕೆ ಹೊಡೆಯುತ್ತದೆ. ಬೆಳಿಗ್ಗೆ ಗಂಟೆಗೆ 28 ಕಿ.ಮೀ. ವೇಗದಲ್ಲಿ ಹಾರಿದ ಏರಿಯ ಮೇಲೆ ವಾಪಸ್ಸು ಬರುವಾಗ 15 ಮುಟ್ಟಲು ಏದುಸಿರು ಬಿಡಬೇಕಾಗುತ್ತದೆ.

ಅದರ ಬದಲು ದಾರಿಯನ್ನು ಸುತ್ತಾಗಿ ಕಟ್ಟಿಕೊಳ್ಳಿ. ಬೆಳಕು ಹರಿಯುವ ಹೊತ್ತಿಗೆ ಪಣ್ಣೈ ಏರಿಯ ಮೇಲಿರಬೇಕು. ಎರಡೂ ಕಡೆ ಮೊಣಕಾಲು ಮಟ್ಟದ ಹಿನ್ನೀರು, ಅದರಲ್ಲಿ ಸಾಲಾಗಿ ಕಡ್ಡಿ ನೆಟ್ಟು ಕಟ್ಟಿದ ಮೀನಿನ ಬಲೆ, ಚಳಿಗಾಲದಲ್ಲಿ ಅದೃಷ್ಟವಿದ್ದರೆ ರಾಜಹಂಸಗಳ ಹಿಂಡು. ಅಲ್ಲೈಪಿಟ್ಟಿ ದಾಟಿ ವೇಲಣೈ ಕಡೆಗೆ ಹೋಗಿ. ದ್ವೀಪದೊಳಗೆ ಕವಲೊಡೆಯುವ ರಸ್ತೆಗಳಲ್ಲಿ ಒಂದು ಉತ್ತರದ ಊರ್ಕಾವಲ್ತುರೈಗೆ, ಇನ್ನೊಂದು ಪುಂಗುಡುತೀವಿಗೆ ಹೋಗುತ್ತದೆ. ಊರ್ಕಾವಲ್ತುರೈಯನ್ನು ಇಂಗ್ಲಿಷ್ ಫಲಕಗಳಲ್ಲಿ ಕೇಟ್ಸ್ ಎಂದು ಬರೆದಿರುತ್ತಾರೆ. ಮೊದಲು ಪುಂಗುಡುತೀವಿನ ಕಡೆಗೆ ತಿರುಗಿ. ನಡುವೆ ಬರುವ ಎರಡನೆಯ ಏರಿ ರಸ್ತೆ ಇನ್ನೂ ಬೋಳು, ನೀರು ಇನ್ನೂ ಹತ್ತಿರ. ಪುಂಗುಡುತೀವಿನಲ್ಲಿ ಸೂರು ಕುಸಿದ, ಗೋಡೆಯೊಳಗೆ ಬೇರು ಇಳಿದ ದೊಡ್ಡ ದೊಡ್ಡ ಮನೆಗಳನ್ನು ಕಾಣುತ್ತೀರಿ. ಯುದ್ಧದ ಕಾಲದಲ್ಲಿ ಯುರೋಪು, ಕೆನಡಾಗಳಿಗೆ ಹೋದ ಕುಟುಂಬಗಳ ಮನೆಗಳವು. ಮಾಲೀಕರಿಲ್ಲವೆಂದು ಒಳಹೊಕ್ಕು ಚಿತ್ರ ತೆಗೆಯುವುದು ಮರ್ಯಾದೆಯಲ್ಲ.

ಕುರಿಕಟ್ಟುವಾನ್‌ನಿಂದ ನಯಿನಾತೀವಿಗೆ ದೋಣಿಯಲ್ಲಿ ಇಪ್ಪತ್ತು ನಿಮಿಷದೊಳಗಿನ ಪಯಣ. ನಾಗಪೂಷಣಿ ಅಮ್ಮನ ದೇವಾಲಯ ಮತ್ತು ಬುದ್ಧನು ಬಂದು ಇಬ್ಬರು ನಾಗರಾಜರ ಜಗಳ ಬಗೆಹರಿಸಿದನೆಂದು ಬೌದ್ಧರು ನಂಬುವ ನಾಗದೀಪ ವಿಹಾರ, ಎರಡೂ ಆ ಪುಟ್ಟ ದ್ವೀಪದಲ್ಲಿ ನಡೆದು ನೋಡುವಷ್ಟು ಹತ್ತಿರದಲ್ಲಿವೆ. ಸೈಕಲ್ಲನ್ನು ದೋಣಿಗೆ ಏರಿಸುವ ಅಗತ್ಯವಿಲ್ಲ. ದೋಣಿಕಟ್ಟೆಯ ಅಂಗಡಿಯವರನ್ನು ಕೇಳಿ, ಬೀಗ ಹಾಕಿ ಬಿಡಿ.

ಹಿಂದಿರುಗುವಾಗ ವೇಲಣೈಯಿಂದ ಉತ್ತರಕ್ಕೆ ತಿರುಗಿ ಊರ್ಕಾವಲ್ತುರೈ ಸೇರಿ. ಅಲ್ಲಿಂದ ಕಾರೈನಗರಕ್ಕೆ ಕಡಲ ಕಿರಿದಾದ ಕವಲನ್ನು ದಾಟಿಸುವ ಸರಕಾರಿ ಫೆರ್ರಿಯಿದೆ. ಸೈಕಲ್, ಮೋಟರ್‌ಬೈಕುಗಳು ಸೀದಾ ಅದರ ಮೇಲೆ ಏರುತ್ತವೆ. ದಾಟುವಾಗ ನೀರಿನ ನಡುವೆ ಹ್ಯಾಮನ್‌ಹೀಲ್ ಎಂಬ ಸಣ್ಣ ಕೋಟೆ ಕಾಣುತ್ತದೆ. ಈ ಫೆರ್ರಿ ದುರಸ್ತಿಗೆಂದು ನಿಲ್ಲುವುದುಂಟು. ಹಿಂದಿನ ದಿನವೇ ವಸತಿಗೃಹದವರಿಂದ ವಿಚಾರಿಸಿ; ನಿಂತಿದ್ದರೆ ಸುತ್ತಿನ ಆಸೆ ಬಿಟ್ಟು, ಬಿಸಿಲಿಳಿದ ಮೇಲೆ ಪಣ್ಣೈ ಮಾರ್ಗದಲ್ಲೇ ನಿಧಾನವಾಗಿ ಬನ್ನಿ.

ಕಾರೈನಗರದಲ್ಲಿ ಕಸುವರೀನಾ ಕಡಲತಡಿ ವಿಶ್ರಾಂತಿಗೆ ಒಳ್ಳೆಯ ಜಾಗ. ಅಲ್ಲಿಂದ ಪೊನ್ನಾಲೈ ಏರಿ ರಸ್ತೆ ದಾಟಿದರೆ ಮತ್ತೆ ಪರ್ಯಾಯದ್ವೀಪದ ನೆಲ. ವಟ್ಟುಕೋಟ್ಟೈ, ಮಾನಿಪ್ಪಾಯ್ ಮೂಲಕ ಆಗ್ನೇಯಕ್ಕೆ ಇಳಿಯುವ ಈ ಕೊನೆಯ ಹಂತದಲ್ಲಿ ಗಾಳಿ ಎದುರಿನಿಂದಲ್ಲ, ಎಡಪಕ್ಕದಿಂದ ಬರುತ್ತದೆ. ಅದನ್ನೂ ತಾಳೆತೋಪುಗಳು, ಬೇಲಿಗಳು, ಮನೆಗಳು ಅರ್ಧಕ್ಕರ್ಧ ತಡೆಯುತ್ತವೆ. ಸುತ್ತು ಬಳಸಿ ಬಂದದ್ದಕ್ಕೆ ಕಾರಣವೇ ಇದು. ಮೇ–ಸೆಪ್ಟೆಂಬರ್‌ನಲ್ಲಿ ಹೋದವರು ಇದೇ ದಾರಿಯನ್ನು ಹಿಂದುಮುಂದಾಗಿ ತುಳಿಯಬೇಕು: ಮೊದಲು ಕಾರೈನಗರ, ಆಮೇಲೆ ಫೆರ್ರಿ, ಪುಂಗುಡುತೀವು, ಕೊನೆಗೆ ನೈಋತ್ಯ ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಪಣ್ಣೈ.

ಆರನೆಯ ಹಂತ: ನೆಡುಂತೀವು

ಡಚ್ಚರು ಡೆಲ್ಫ್ಟ್ ಎಂದು ಕರೆದ ಈ ದ್ವೀಪದ ವಿಸ್ತಾರ ಸುಮಾರು 50 ಚದರ ಕಿ.ಮೀ. ಕುರಿಕಟ್ಟುವಾನ್‌ನಿಂದ ದೋಣಿಯಲ್ಲಿ ಒಂದು ಗಂಟೆಯ ದಾರಿ. ದೋಣಿ ಬೆಳಿಗ್ಗೆ ಹೋಗಿ ಮಧ್ಯಾಹ್ನದ ಮೇಲೆ ಹಿಂದಿರುಗುವುದು ವಾಡಿಕೆ. ಹೊತ್ತು ಆಗಾಗ ಬದಲಾಗುವುದರಿಂದ ಹಿಂದಿನ ದಿನ ಕೇಳಿ, ಅಲ್ಲಿ ಇಳಿದೊಡನೆ ಹಿಂದಿರುಗುವ ದೋಣಿಯ ಹೊತ್ತನ್ನು ಇನ್ನೊಮ್ಮೆ ಕೇಳಿ. ಅದು ತಪ್ಪಿದರೆ ರಾತ್ರಿ ಅಲ್ಲೇ.

ಸೈಕಲ್ಲನ್ನು ಒಯ್ಯುವುದಾದರೆ ಅದು ದೋಣಿಯ ಮುಂಭಾಗದಲ್ಲೋ ಛಾವಣಿಯ ಮೇಲೋ, ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರುಗಳ ನಡುವೆ ಪಯಣಿಸುತ್ತದೆ. ಮೊದಲು ನೀರಿನ ಬಾಟಲಿ, ದೀಪ, ಮೀಟರುಗಳನ್ನು ಕಳಚಿ ಚೀಲಕ್ಕೆ ಹಾಕಿ. ಚೈನನ್ನು ಚಿಕ್ಕ ಹಲ್ಲಿಗೆ ಇಳಿಸಿ, ಗೇರಿನ ಬದಿ ಮೇಲ್ಮುಖವಾಗುವಂತೆ ಮಲಗಿಸಿ, ಚೌಕಟ್ಟು ಕಬ್ಬಿಣಕ್ಕೆ ತಾಗುವಲ್ಲೆಲ್ಲ ಬಟ್ಟೆಯ ತುಂಡು ಸುತ್ತಿ, ರಬ್ಬರ್ ಪಟ್ಟಿಗಳಿಂದ ಎರಡು ಕಡೆ ಬಿಗಿಯಿರಿ. ದೋಣಿಯವರಿಗೆ ಸೈಕಲ್ ಹೊಸತಲ್ಲ, ಆದರೆ ಕಾರ್ಬನ್ ಚೌಕಟ್ಟಿನ ಮೇಲೆ ಕಾಲಿಡಬಾರದೆಂಬುದು ಅವರಿಗೆ ಗೊತ್ತಿರಲಿಕ್ಕಿಲ್ಲ. ನಗುನಗುತ್ತಾ ಹೇಳಿ, ಪಕ್ಕದಲ್ಲೇ ಕುಳಿತುಕೊಳ್ಳಿ.

ದ್ವೀಪದ ಒಳಗೆ ದೂರಗಳು ಸಣ್ಣವು, ರಸ್ತೆಗಳು ಒರಟು. ಗಾರೆಯಿಲ್ಲದೆ ಹವಳದ ಕಲ್ಲುಗಳನ್ನು ಪೇರಿಸಿ ಕಟ್ಟಿದ ಗಿಡ್ಡ ಗೋಡೆಗಳು ಪ್ರತಿ ಹಿತ್ತಲನ್ನೂ ಸುತ್ತುವರಿದಿವೆ. ಹಳೆಯ ಕೋಟೆಯ ಅವಶೇಷ, ಒಂದು ಭಾರಿ ಬಾವೊಬಾಬ್ ಮರ, ದಕ್ಷಿಣದ ಬಯಲಿನಲ್ಲಿ ಗುಂಪುಗೂಡಿ ಮೇಯುವ ಕಾಡುಗುದುರೆಗಳು ನೋಡತಕ್ಕವು. ಕುದುರೆಗಳು ವಸಾಹತು ಕಾಲದಲ್ಲಿ ತಂದು ಸಾಕಿದ್ದವುಗಳ ಸಂತತಿ; ಸೈಕಲ್ಲಿನಲ್ಲಿ ಅವುಗಳ ಹಿಂದೆ ಬೀಳದೆ ದೂರದಲ್ಲೇ ನಿಲ್ಲಿ. 25 ಮಿ.ಮೀ. ಟಯರಿನವರು ಸೈಕಲ್ಲನ್ನು ಕುರಿಕಟ್ಟುವಾನ್‌ನಲ್ಲೇ ಬಿಟ್ಟು, ದ್ವೀಪದಲ್ಲಿ ಆಟೋ ಹಿಡಿಯುವುದೇ ಸರಿಯೆಂದು ನನ್ನ ಅಭಿಪ್ರಾಯ.

ಏಳನೆಯ ಹಂತ: ಉತ್ತರದ ಕಡಲಂಚು ಮತ್ತು ವಲ್ಲೈ ಬಯಲು (90 ಕಿ.ಮೀ.ಗೆ ಸಮೀಪ)

ಜಾಫ್ನಾದಿಂದ ಕಾಂಕೇಸನ್‌ತುರೈ ರಸ್ತೆಯಲ್ಲಿ ಚುನ್ನಾಕಂ, ತೆಲ್ಲಿಪ್ಪಳೈ ದಾಟಿ ಕೀರಿಮಲೈಗೆ ಹೋಗಿ. ಸುಮಾರು 20 ಕಿ.ಮೀ. ಚುನ್ನಾಕಂ ಸಮೀಪದ ಕಂದರೋಡೈಯಲ್ಲಿ ತಾಳೆಮರಗಳ ನಡುವೆ ಗುಂಪಾಗಿ ಕುಳಿತ ಸಣ್ಣ ಬೌದ್ಧ ಸ್ತೂಪಗಳಿಗಾಗಿ ಸ್ವಲ್ಪ ಬಳಸಿದರೂ ನಷ್ಟವಿಲ್ಲ. ಕೀರಿಮಲೈಯಲ್ಲಿ ಕಡಲ ಅಲೆ ಬಡಿಯುವ ಗೋಡೆಯ ಈಚೆಗೇ ಸಿಹಿನೀರಿನ ಬುಗ್ಗೆಯ ಕೊಳವಿದೆ, ಗಂಡಸರಿಗೂ ಹೆಂಗಸರಿಗೂ ಬೇರೆಬೇರೆ. ಪಕ್ಕದಲ್ಲಿ ಲಂಕೆಯ ಪಂಚ ಈಶ್ವರ ಕ್ಷೇತ್ರಗಳಲ್ಲೊಂದಾದ ನಗುಲೇಶ್ವರಂ.

ಇಲ್ಲಿಂದ ಪೂರ್ವಕ್ಕೆ ಕಡಲಂಚನ್ನೇ ಹಿಡಿದು ಹೋಗಬಹುದೆಂದು ಫೋನಿನ ನಕಾಶೆ ತೋರಿಸಬಹುದು. ಅದನ್ನು ನಂಬಬೇಡಿ. ಪಲಾಲಿಯ ಸುತ್ತಲಿನ ನೆಲ ಬಹುಕಾಲ ಸೇನೆಯ ಉನ್ನತ ಭದ್ರತಾ ವಲಯವಾಗಿತ್ತು. ತುಂಡುತುಂಡಾಗಿ ಜನರಿಗೆ ಮರಳುತ್ತಿದ್ದರೂ ಯಾವ ರಸ್ತೆ ಯಾವಾಗ, ಯಾವ ಷರತ್ತಿನ ಮೇಲೆ ತೆರೆದಿದೆ ಎಂಬುದು ಬದಲಾಗುತ್ತಿರುತ್ತದೆ. ತೆಲ್ಲಿಪ್ಪಳೈಗೆ ಹಿಂದಿರುಗಿ ಒಳನಾಡಿನ ಕೆಂಪು ಮಣ್ಣಿನ ಈರುಳ್ಳಿ, ಹೊಗೆಸೊಪ್ಪಿನ ತೋಟಗಳ ನಡುವೆ ಅಚ್ಚುವೇಲಿಗೆ ಬಂದು, ತೊಂಡೈಮಾನಾರಿನಲ್ಲಿ ಮತ್ತೆ ಕಡಲನ್ನು ಕೂಡಿಕೊಳ್ಳಿ. ಮುಂದೆ ವಲ್ವೆಟ್ಟಿತ್ತುರೈ, ಪರುತ್ತಿತ್ತುರೈಗಳವರೆಗೆ ರಸ್ತೆ ಅಲೆಗಳ ಪಕ್ಕದಲ್ಲೇ ಓಡುತ್ತದೆ. ಪರುತ್ತಿತ್ತುರೈ ಎಂದರೆ ಫಲಕದ ಪಾಯಿಂಟ್ ಪೆಡ್ರೋ. ಅದರ ಸಮೀಪದ ಸಕ್ಕೋಟ್ಟೈ ಮೊನೆ ದೇಶದ ಉತ್ತರ ತುದಿ. ಈ ಹೊತ್ತಿಗೆ ನೀವು ಎದುರುಗಾಳಿಯ ಸಾಲವನ್ನೆಲ್ಲ ತೀರಿಸಿರುತ್ತೀರಿ.

ವಾಪಸ್ಸಿನ 33 ಕಿ.ಮೀ. ನೆಲ್ಲಿಯಡಿ, ವಲ್ಲೈ, ಪುತ್ತೂರು, ಕೋಪ್ಪಾಯ್ ಮೂಲಕ. ವಲ್ಲೈ ಬಯಲಿನಲ್ಲಿ ಮರವೊಂದೂ ಇಲ್ಲದ ಹಿನ್ನೀರಿನ ವಿಸ್ತಾರ. ಊರಿನ ಸೈಕಲ್ ಸವಾರರಿಗೂ ಅಲ್ಲಿನ ಗಾಳಿಯೆಂದರೆ ಭಯ. ಬೆಳಿಗ್ಗೆ ಮೊದಲೇ ಈ ದಾರಿಯಲ್ಲಿ ಬಂದಿದ್ದರೆ ನಿಮಗೂ ಅದೇ ಗತಿ. ಜನವರಿ–ಮಾರ್ಚ್‌ನಲ್ಲಿ ಇದನ್ನು ಕೊನೆಗಿಟ್ಟುಕೊಂಡಾಗ ಅದೇ ಗಾಳಿ ಬೆನ್ನು ತಟ್ಟಿ ಮನೆಗೆ ಕಳಿಸುತ್ತದೆ.

ಎಂಟನೆಯ ಹಂತ: ಪೂನಕರಿ–ಆನೆಯಿರವು ದೊಡ್ಡ ಸುತ್ತು (ಸುಮಾರು 120 ಕಿ.ಮೀ.)

ದೂರ ಓಡಿಸುವ ಹಂಬಲವಿದ್ದವರಿಗೆ ಮಾತ್ರ. ನಾವಟ್ಕುಳಿಯಿಂದ ದಕ್ಷಿಣಕ್ಕೆ ತಿರುಗಿ, 2011ರಲ್ಲಿ ತೆರೆದ ಸಂಗುಪಿಟ್ಟಿ ಸೇತುವೆ ದಾಟಿ ಪೂನಕರಿಗೆ. ಅಲ್ಲಿಂದ ಪೂರ್ವಕ್ಕೆ ಪರಂತನ್. ಮತ್ತೆ ಎ9 ಹೆದ್ದಾರಿಯಲ್ಲಿ ಆನೆಯಿರವು, ಕೊಡಿಕಾಮಂ, ಚಾವಕಚ್ಚೇರಿ ಮೂಲಕ ಜಾಫ್ನಾ. ಪೂನಕರಿ–ಪರಂತನ್ ನಡುವೆ ಗಾಳಿಯೂ ಎದುರು, ಅಂಗಡಿಯೂ ವಿರಳ. ಮೂರು ಲೀಟರ್ ನೀರಿಲ್ಲದೆ ಹೊರಡಬೇಡಿ. ಎ9 ನಯವಾದ ರಸ್ತೆ, ಆದರೆ ಬಸ್ಸುಗಳು ಒಂದನ್ನೊಂದು ಹಿಂದಿಕ್ಕುವ ಭರದಲ್ಲಿರುತ್ತವೆ. ಹಿಂದಿನ ದೀಪ ಹಗಲಿನಲ್ಲೂ ಉರಿಯುತ್ತಿರಲಿ.

ಆನೆಯಿರವು, ಮುಹಮಾಲೈ ಪ್ರದೇಶಗಳಲ್ಲಿ ಭೀಕರ ಕದನಗಳು ನಡೆದಿವೆ. 2009ರಲ್ಲಿ ಯುದ್ಧ ಮುಗಿದ ಮೇಲೆ ನೆಲಬಾಂಬುಗಳನ್ನು ತೆಗೆಯುವ ಕೆಲಸ ವರ್ಷಗಟ್ಟಲೆ ನಡೆದಿದೆ. ತಲೆಬುರುಡೆಯ ಚಿತ್ರವಿರುವ ಕೆಂಪು ಫಲಕ ಕಂಡಲ್ಲಿ ಡಾಂಬರು ಬಿಟ್ಟು ಕಾಲಿಡಬಾರದು. ಮೂತ್ರಕ್ಕೆಂದಾಗಲಿ, ನೆರಳಿಗೆಂದಾಗಲಿ, ಚಿತ್ರಕ್ಕೆಂದಾಗಲಿ ಪೊದೆಯೊಳಗೆ ಹೋಗಬಾರದು. ಸೇನೆಯ ಶಿಬಿರ, ನೌಕಾನೆಲೆ, ತಪಾಸಣಾ ಠಾಣೆಗಳ ಚಿತ್ರ ತೆಗೆಯಬೇಡಿ. ಪಾಸ್‌ಪೋರ್ಟಿನ ಪ್ರತಿ ಜೇಬಿನಲ್ಲಿರಲಿ.

ಒಂಬತ್ತನೆಯ ಹಂತ: ನೀರು, ಊಟ, ದೇವಾಲಯ, ಉಪ್ಪು

ಜಾಫ್ನಾದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಮಳೆಯ ನೀರು ಸುಣ್ಣಕಲ್ಲಿನೊಳಗೆ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೇಲುವ ಸಿಹಿನೀರಿನ ಪದರವಾಗಿ ನಿಲ್ಲುತ್ತದೆ. ಪುತ್ತೂರಿನ ಬಳಿಯ ನಿಲಾವರೈ ಬಾವಿಯಲ್ಲಿ ಮೇಲಿನ ನೀರು ಸಿಹಿ, ಆಳಕ್ಕೆ ಹೋದಂತೆ ಉಪ್ಪು. ದ್ವೀಪಗಳಲ್ಲಿ ಈ ಪದರ ಇನ್ನೂ ತೆಳುವಾದ್ದರಿಂದ ಅಲ್ಲಿನ ಬಹುಪಾಲು ಬಾವಿಗಳ ನೀರು ಸವುಳು. ದಾರಿಯ ಬಾವಿಯಲ್ಲಿ ತುಂಬಿಕೊಳ್ಳುತ್ತೇನೆಂಬ ನೆಚ್ಚಿಕೆ ಬೇಡ. ಪಟ್ಟಣದಲ್ಲೇ ಶುದ್ಧ ನೀರು ತುಂಬಿಸಿಕೊಂಡು, ದೋಣಿಕಟ್ಟೆಯ ಅಂಗಡಿಯಲ್ಲಿ ಮತ್ತೆ ಕೊಳ್ಳಿ. ದ್ವೀಪಗಳಲ್ಲಿ ನಗದು ಹಣವೇ ನಡೆಯುವುದೆಂದುಕೊಂಡು ಚಿಲ್ಲರೆ ಇಟ್ಟುಕೊಳ್ಳಿ.

ಸಸ್ಯಾಹಾರಿಗಳು ‘ಸೈವ’ ಎಂಬ ಫಲಕ ನೋಡಿ ಒಳಹೋಗಬಹುದು. ಬೆಳಿಗ್ಗೆ ಪಿಟ್ಟು, ಇಡಿಯಾಪ್ಪಂ, ತೆಂಗಿನಹಾಲಿನ ಸೊದಿ ಸವಾರಿಗೆ ತಕ್ಕ ಊಟ. ಮೀನು, ಏಡಿ ತಿನ್ನುವವರು ತಾಳೆಗೆಡ್ಡೆಯ ಹಿಟ್ಟಿನಲ್ಲಿ ಮಾಡುವ ಕೂಳ್ ಎಂಬ ಖಾರದ ಗಂಜಿಯನ್ನು ಸವಾರಿ ಮುಗಿದ ಮೇಲೆ ಕುಡಿಯಲಿ, ಮೊದಲಲ್ಲ. ತಾಳೆಯೋಲೆಯ ಪುಟ್ಟ ಬುಟ್ಟಿಯಲ್ಲಿ ಮಾರುವ ತಾಳೆಬೆಲ್ಲ ಜರ್ಸಿಯ ಹಿಂಜೇಬಿನಲ್ಲಿ ಸರಿಯಾಗಿ ಕೂರುತ್ತದೆ. ಆಮದಾದ ಜೆಲ್ ಪೊಟ್ಟಣಗಳಿಗಿಂತ ಅದು ನನಗೆ ಮೇಲು.

ಮೈಗಂಟಿದ ಸೈಕಲ್ ಚಡ್ಡಿಯಲ್ಲಿ ದೇವಾಲಯಕ್ಕಾಗಲಿ ವಿಹಾರಕ್ಕಾಗಲಿ ಹೋಗುವುದು ಸಲ್ಲದು. ಲುಂಗಿ ತಂದದ್ದು ಇದಕ್ಕೆ. ನಲ್ಲೂರಿನಲ್ಲಿ ಗಂಡಸರು ಅಂಗಿ ಕಳಚಬೇಕಾದ್ದರಿಂದ, ಭುಜದ ಪಟ್ಟಿಯಿರುವ ಚಡ್ಡಿ ತೊಟ್ಟವರು ಪಟ್ಟಿಗಳನ್ನು ಇಳಿಸಿ ಅದರ ಮೇಲೆ ಲುಂಗಿ ಸುತ್ತಿಕೊಳ್ಳಬೇಕು. ಹೆಂಗಸರು ಮೊಣಕಾಲು, ತೋಳು ಮುಚ್ಚುವ ಹಗುರ ಉಡುಪನ್ನು ಚೀಲದಲ್ಲಿಟ್ಟುಕೊಳ್ಳಲಿ.

ಉಪ್ಪಿನ ವಿಷಯ ಮಂಗಳೂರು, ಕಾರವಾರದವರಿಗೆ ಹೇಳಬೇಕಾಗಿಲ್ಲ. ಪ್ರತಿ ಸಂಜೆ ಸಿಹಿನೀರಿನಲ್ಲಿ, ಒತ್ತಡದ ಪೈಪಿಲ್ಲದೆ, ಚೈನು, ಬ್ರೇಕು, ಸ್ಪೋಕಿನ ನಿಪ್ಪಲ್‌ಗಳನ್ನು ತೊಳೆದು ಒರೆಸಿ, ಚೈನಿಗೆ ಎಣ್ಣೆ ಬಿಡಿ. ದೋಣಿಯಲ್ಲಿ ಹೋಗಿಬಂದ ದಿನ ಸೀಟಿನ ಕಂಬವನ್ನೂ ಹೊರಗೆಳೆದು ಒರೆಸಿ.

ಹತ್ತನೆಯ ಹಂತ: ದಿನಗಳನ್ನು ಜೋಡಿಸುವುದು

ಮೊದಲು ಉತ್ತರದ ಸುತ್ತನ್ನು ಮಾಡಿ, ಏಕೆಂದರೆ ಅದಕ್ಕೆ ದೋಣಿಯ ಹಂಗಿಲ್ಲ, ಅಂಗಡಿ ಹತ್ತಿರ, ಸೈಕಲ್ಲಿನಲ್ಲಿ ಏನಾದರೂ ಕೊರತೆಯಿದ್ದರೆ ಅಲ್ಲೇ ತಿಳಿಯುತ್ತದೆ. ಎರಡನೆಯ ದಿನ ಪಶ್ಚಿಮ ದ್ವೀಪಗಳ ಸುತ್ತು. ಆಗ ಕುರಿಕಟ್ಟುವಾನ್‌ನಲ್ಲಿ ನೆಡುಂತೀವಿನ ದೋಣಿಯ ಹೊತ್ತನ್ನೂ ಕೇಳಿ ಬರಬಹುದು. ಮೂರನೆಯ ದಿನ ನೆಡುಂತೀವು. ಬೆಳಗಿನ ದೋಣಿ ಹಿಡಿಯಬೇಕಾದ್ದರಿಂದ ಕತ್ತಲಲ್ಲೇ ಹೊರಡಬೇಕಾಗುತ್ತದೆ. ದ್ವೀಪದ ರಸ್ತೆಗಳಲ್ಲಿ ದೀಪವಿಲ್ಲ, ಡಾಂಬರಿನ ಮೇಲೆ ದನಗಳು ಮಲಗಿರುತ್ತವೆ, ಮುಂದಿನ ದೀಪ ಬಲವಾಗಿರಬೇಕು. ಇಲ್ಲವಾದರೆ ಆಟೋದಲ್ಲಿ ಸೈಕಲ್ ಹೇರಿಕೊಂಡು ಹೋಗಿ, ಹಿಂದಿರುಗುವಾಗ ಮಾತ್ರ ಓಡಿಸಿ. ನಾಲ್ಕನೆಯ ದಿನ ಖಾಲಿಯಿರಲಿ: ಸಮುದ್ರ ಕೆಟ್ಟು ದೋಣಿ ನಿಂತರೆ ನೆಡುಂತೀವನ್ನು ಆ ದಿನಕ್ಕೆ ದೂಡಬಹುದು, ನಿಲ್ಲದಿದ್ದರೆ ಕಾಲಿಗೆ ವಿಶ್ರಾಂತಿ. ಪೂನಕರಿಯ ದೊಡ್ಡ ಸುತ್ತು ಐದನೆಯ ದಿನಕ್ಕೆ. ಹಿಂದಿನ ಸಂಜೆ ಗಾಳಿ ತೀರ ಜೋರಾಗಿದ್ದರೆ ಅದನ್ನು ಕೈಬಿಟ್ಟು, ಉತ್ತರದ ದಾರಿಯಲ್ಲಿ ನೋಡದೆ ಉಳಿದ ಊರುಗಳಿಗೆ ಒಳರಸ್ತೆಗಳಲ್ಲಿ ಅಲೆಯಿರಿ.